ಕೀವರ್ಡ್ ಹುಡುಕಿ ಕೊಡ್ತೀವಿ ಅನ್ನೋ ಏಜೆನ್ಸಿಗಳ ಬಗ್ಗೆ ಹುಷಾರು, ಆನ್‌ಲೈನಲ್ಲಿ ಮಾರೋರು ದಯವಿಟ್ಟು ಓದಿ

ಮನೆಯಿಂದನೇ ಸೀರೆ, ರೊಟ್ಟಿ, ಚಟ್ನಿಪುಡಿ ಅಂತ ಮಾರ್ತಿರೋರಿಗೆ ಈಗ ದಿನಾ ಫೋನ್ ಬರುತ್ತೆ, ಗೂಗಲ್‌ನಲ್ಲಿ ಫಸ್ಟ್ ಪೇಜ್ ತರ್ತೀವಿ, ಲಾಭದ ಕೀವರ್ಡ್ (ಜನ ಗೂಗಲ್‌ನಲ್ಲಿ ಟೈಪ್ ಮಾಡಿ ಹುಡುಕೋ ಪದ) ನಾವೇ ಆರಿಸ್ತೀವಿ ಅಂತ. ನಮ್ಮ ಅತ್ತಿಗೆಗೂ ಹಂಗೇ ಬಂತು. ಅವರು ಇಳಕಲ್ ಸೀರೆ ಮಾರ್ತಾರೆ, ಕೈಮಗ್ಗದ್ದು ಮಾತ್ರ, ನೇಕಾರರ ಮನೆಯಿಂದ ನೇರ ತರೋದು, ಒಂದು ಸೀರೆ ಮೇಲೆ ಉಳಿಯೋದೇ ಸ್ವಲ್ಪ. ಏಜೆನ್ಸಿ ಹೆಸರು ಹಾಕಲ್ಲ, ಯಾಕಂದ್ರೆ ಇದೇ ತರ ಮಾಡೋರು ಬೇಕಾದಷ್ಟು ಜನ ಇದಾರೆ, ಮಾಡೋ ರೀತಿ ಗೊತ್ತಾದ್ರೆ ಸಾಕು.

ಅತ್ತಿಗೆ ಒಪ್ಕೊಂಡು ಅವರ ಕೈಲಿ ಗೂಗಲ್ ಆಡ್ ಹಾಕ್ಸಿದ್ರು. ಪ್ರತಿ ವಾರ ರಿಪೋರ್ಟ್ ಬರ್ತಿತ್ತು, ಕ್ಲಿಕ್ ಜಾಸ್ತಿ ಆಗ್ತಿದೆ ಮೇಡಂ, ಸೂಪರ್ ಅಂತ. ಆರ್ಡರ್ ಮಾತ್ರ ಇಲ್ಲ. ಕೇಳಿದ್ರೆ ಬಜೆಟ್ ಏರಿಸಿ ಅನ್ನೋರು. ಅವರ ಫೀಸು ಖರ್ಚಾದ ದುಡ್ಡಿನ ಮೇಲೆ ಪರ್ಸೆಂಟ್ ಲೆಕ್ಕ, ಅಂದ್ರೆ ಅತ್ತಿಗೆ ದುಡ್ಡು ಎಷ್ಟು ಖರ್ಚಾಗುತ್ತೋ ಅಷ್ಟು ಅವರಿಗೆ ಒಳ್ಳೇದು, ಇದನ್ನ ಶುರುವಿನಲ್ಲಿ ಯಾರೂ ಬಿಡಿಸಿ ಹೇಳಿರ್ಲಿಲ್ಲ.

ಜಗಳ ಆಡಿ ಗೂಗಲ್ ಆಡ್ಸ್ ಅಕೌಂಟ್ ನೋಡೋಕೆ ಪರ್ಮಿಷನ್ ತಗೊಂಡ್ವಿ. ಕೀವರ್ಡ್ ಲಿಸ್ಟ್ ನೋಡೋಕೆ ಚೆನ್ನಾಗೇ ಇತ್ತು, ಆದ್ರೆ ಲಿಸ್ಟ್ ನೋಡಿದ್ರೆ ಏನೂ ಗೊತ್ತಾಗಲ್ಲ, ಸರ್ಚ್ ಟರ್ಮ್ಸ್ ಅಂತ ಬೇರೆ ರಿಪೋರ್ಟ್ ಇರುತ್ತೆ, ಜನ ನಿಜವಾಗ್ಲೂ ಏನು ಟೈಪ್ ಮಾಡಿ ನಿಮ್ಮ ಆಡ್ ಒತ್ತಿದ್ರು ಅನ್ನೋದು ಅಲ್ಲಿ ಕಾಣುತ್ತೆ. ಅದ್ರಲ್ಲಿ ಏನಿತ್ತು ಅಂದ್ರೆ ಸೀರೆ ಉಡೋದು ಹೇಗೆ, ಬ್ಲೌಸ್ ಬ್ಯಾಕ್ ಡಿಸೈನ್, ಸೂರತ್ ಹೋಲ್‌ಸೇಲ್ ಸೀರೆ, ಸೀರೆ ಫೋಟೋ. ಇವರ್ಯಾರೂ ಕೈಮಗ್ಗದ ಇಳಕಲ್ ತಗೊಳ್ಳೋರಲ್ಲ, ಆದ್ರೂ ಪ್ರತಿ ಕ್ಲಿಕ್ಕಿಗೂ ದುಡ್ಡು ಹೋಗಿದೆ! ಕಾರಣ ಏನಂದ್ರೆ ಎಲ್ಲಾ ಕೀವರ್ಡ್ ಬ್ರಾಡ್ ಮ್ಯಾಚಲ್ಲಿ ಹಾಕಿದ್ರು. ಗೂಗಲ್ ಆಡ್ಸಲ್ಲಿ ಬ್ರಾಡ್, ಫ್ರೇಸ್, ಎಕ್ಸಾಕ್ಟ್ ಅಂತ ಮೂರು ತರ ಮ್ಯಾಚ್ ಇದೆ, ಅಂದ್ರೆ ಕೀವರ್ಡಿಗೆ ಎಷ್ಟು ಹತ್ತಿರ ಇರೋ ಹುಡುಕಾಟಕ್ಕೆ ಆಡ್ ತೋರಿಸ್ಬೇಕು ಅನ್ನೋ ಸೆಟ್ಟಿಂಗ್, ಏನೂ ಹೇಳದೆ ಸುಮ್ನೆ ಟೈಪ್ ಮಾಡಿದ್ರೆ ಅದು ಬ್ರಾಡ್ ಆಗುತ್ತೆ, ಆಗ ಸಂಬಂಧ ಇದೆ ಅಂತ ಗೂಗಲ್‌ಗೆ ಅನ್ಸಿದ ಹುಡುಕಾಟಕ್ಕೆಲ್ಲಾ ಆಡ್ ಹೋಗುತ್ತೆ. ಬೇಡದ ಪದಗಳನ್ನ ತಡೆಯೋಕೆ ನೆಗೆಟಿವ್ ಕೀವರ್ಡ್ ಹಾಕ್ಬೇಕು, ಫ್ರೀ, ಫೋಟೋ, ಡಿಸೈನ್, ಹೋಲ್‌ಸೇಲ್ ಅಂತ. ಇವರು ಒಂದೇ ಒಂದು ಹಾಕಿರ್ಲಿಲ್ಲ. ನನಗೆ ಸಿಟ್ಟು ಬಂದಿದ್ದು ಇದಕ್ಕೇ, ಯಾಕಂದ್ರೆ ಇದು ಈ ಕೆಲಸದ ಮೊದಲನೇ ಪಾಠ.

ಇನ್ನು ಈ ಕೀವರ್ಡಿಗೆ ಲೋ ಕಾಂಪಿಟಿಷನ್, ಪೈಪೋಟಿ ಕಡಿಮೆ ಅಂತ ಏಜೆನ್ಸಿ ಹೇಳೋ ಮಾತು. ಕೀವರ್ಡ್ ಹುಡುಕೋಕೆ ಗೂಗಲ್ಲೇ ಕೊಡೋ ಕೀವರ್ಡ್ ಪ್ಲಾನರಲ್ಲಿ ಆ ಕಾಲಂ ಹೇಳೋದು ಎಷ್ಟು ಆಡ್ ಹಾಕೋರು ಆ ಪದಕ್ಕೆ ಪೈಪೋಟಿಗೆ ಇದಾರೆ ಅಂತ, ಆಡ್ ಇಲ್ದೆ ಮಾಮೂಲಿ ರಿಸಲ್ಟಲ್ಲಿ ಮೇಲೆ ಬರೋದು ಸುಲಭ ಅಂತ ಅಲ್ಲ. ಇವರು ಅದನ್ನೇ ತೋರ್ಸಿ ಎಸ್‌ಇಒ (ಆಡ್ ಇಲ್ದೆ ರಿಸಲ್ಟಲ್ಲಿ ಮೇಲೆ ತರೋ ಕೆಲಸ) ಪ್ಯಾಕೇಜೂ ಮಾರಿದ್ರು. ಗ್ಯಾರಂಟಿ ಕೊಟ್ಟ ಫಸ್ಟ್ ಪೇಜ್ ಬಂತು, ಸುಳ್ಳಲ್ಲ, ಆದ್ರೆ ಯಾವುದಕ್ಕೆ? ಊರಿನ ಹೆಸರು, ಅಂಗಡಿ ಹೆಸರು, ದಡಿಯ ಹೆಸರು ಎಲ್ಲಾ ಸೇರಿಸಿದ ಏಳೆಂಟು ಪದದ ಉದ್ದ ಸಾಲಿಗೆ, ಅದನ್ನ ಯಾರೂ ಹುಡುಕೋದೇ ಇಲ್ಲ. ನಂಬರ್ ಒನ್ ಸ್ಥಾನ ಯಾರೂ ಗ್ಯಾರಂಟಿ ಕೊಡೋಕೆ ಆಗಲ್ಲ ಅಂತ ಗೂಗಲ್ಲೇ ಹೇಳಿದೆ.

ಲೆಕ್ಕ ಹಾಕೋದು ಕಷ್ಟ ಏನಿಲ್ಲ. ಒಂದು ಸೀರೆಗೆ 400 ರೂಪಾಯಿ ಉಳಿಯುತ್ತೆ, ಕ್ಲಿಕ್ಕಿಗೆ 8 ರೂಪಾಯಿ ಅಂತ ಇಟ್ಕೊಳ್ಳಿ. 50 ಕ್ಲಿಕ್ಕಿಗೆ ಒಂದು ಸೀರೆ ಹೋದ್ರೆ ಉಳಿದಿದ್ದೆಲ್ಲಾ ಆಡಿಗೇ ಸರಿಹೋಯ್ತು, ಮೇಲೆ 18% ಜಿಎಸ್‌ಟಿ ಬೇರೆ, ಏಜೆನ್ಸಿ ಫೀಸು ಬೇರೆ. ಹಾಗಾಗಿ ಎಷ್ಟು ಜನ ಹುಡುಕ್ತಾರೆ ಅನ್ನೋದಕ್ಕಿಂತ ಹುಡುಕೋರು ಕೊಳ್ಳೋಕೆ ಬಂದೋರಾ ಅಂತ ನೋಡಿ. ಬರೀ ಸೀರೆ ಅಂತ ಹುಡುಕೋರು ಲಕ್ಷ ಜನ ಇರ್ಲಿ, ಕೈಮಗ್ಗದ ಇಳಕಲ್ ಸೀರೆ ಬೆಲೆ ಅಂತ ಹುಡುಕೋ ಹತ್ತು ಜನ ಅತ್ತಿಗೆಗೆ ಸಾಕು. ಮಹಾರಾಷ್ಟ್ರದಲ್ಲಿ ಈ ಸೀರೆ ತುಂಬಾ ಉಡ್ತಾರೆ, ಅವರು ಇರಕಲ್ ಅಂತಾರೆ, ಆ ಪದವೇ ಏಜೆನ್ಸಿ ಲಿಸ್ಟಲ್ಲಿ ಇರ್ಲಿಲ್ಲ, ಸೀರೆ ಬಗ್ಗೆ ಅತ್ತಿಗೆ ಹತ್ರ ಒಂದು ಮಾತು ಕೇಳಿದ್ರೂ ಗೊತ್ತಾಗ್ತಿತ್ತು.

ಕೊನೆಗೆ ಬಿಡ್ತೀವಿ ಅಂದಾಗ ಇನ್ನೊಂದು ಗೊತ್ತಾಯ್ತು, ಅಕೌಂಟ್ ಏಜೆನ್ಸಿ ಹೆಸರಲ್ಲೇ ಮಾಡಿದ್ರು, ದುಡ್ಡು ಕೊಟ್ಟು ಸಿಕ್ಕ ಡೇಟಾ ಎಲ್ಲಾ ಅವರ ಹತ್ರನೇ ಉಳೀತು. ಈಗ ಯಾರಾದ್ರೂ ಏಜೆನ್ಸಿ ಜೊತೆ ಇದ್ರೆ ಇವತ್ತೇ ಕೇಳಿ, ಅಕೌಂಟ್ ನಿಮ್ಮ ಜಿಮೇಲಲ್ಲಿ ಇದೆಯಾ, ನಿಮಗೆ ಅಡ್ಮಿನ್ ಆಕ್ಸೆಸ್ ಇದೆಯಾ ಅಂತ, ಹಾಗೇ ಕಳೆದ ತಿಂಗಳ ಸರ್ಚ್ ಟರ್ಮ್ಸ್ ರಿಪೋರ್ಟ್ ಕಳ್ಸೋಕೆ ಹೇಳಿ. ನಾಳೆ, ನಾಡಿದ್ದು ಅಂತ ಮುಂದಕ್ಕೆ ಹಾಕಿದ್ರೆ ಅವತ್ತೇ ಕಾರ್ಡ್ ಪೇಮೆಂಟ್ ನಿಲ್ಸಿಬಿಡಿ.