ನಂದಿ ಬೆಟ್ಟದ ಕೆಳಗೆ ‘ಇಲ್ಲೇ ಮಾಡಿದ ಬಿಯರ್’ ಬೋರ್ಡ್ ನೋಡಿ ಕಾರು ತಿರುಗಿಸುವ ಮುಂಚೆ ಇದನ್ನು ಓದಿ

ಜಾಗದ ಹೆಸರು ಬರೆಯುವುದಿಲ್ಲ. ನಾಳೆ ಅವರು ಬೋರ್ಡ್ ಬದಲಾಯಿಸಿದರೂ ನಿಮಗೆ ಗುರುತು ಸಿಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾವು ಚಿಕ್ಕಬಳ್ಳಾಪುರದವರು. ಹೋದ ತಿಂಗಳು ಶಿವಮೊಗ್ಗದಿಂದ ಅಕ್ಕ, ಭಾವ, ಅವರ ಮಗಳು ಬಂದಿದ್ದರು. ಭಾವನಿಗೆ ಬಿಯರ್ ಕುಡಿಯೋದಕ್ಕಿಂತ ಅದನ್ನು ಹೇಗೆ ಮಾಡುತ್ತಾರೆ ಅಂತ ತಿಳಿದುಕೊಳ್ಳೋ ಹುಚ್ಚು ಜಾಸ್ತಿ. ಬೆಂಗಳೂರಿಗೆ ಹೋದಾಗಲೆಲ್ಲ ಒಂದೊಂದು ಬ್ರೂಪಬ್, ಅಂದರೆ ಅಲ್ಲೇ ಬಿಯರ್ ಮಾಡಿ ಕೊಡುವ ಪಬ್, ನೋಡಿಕೊಂಡು ಬರುತ್ತಾರೆ. ಸರಿ, ಈ ಸಲ ಮನೆಮಂದಿಯೆಲ್ಲ ಒಂದೇ ಕಾರಿನಲ್ಲಿ ಹೋಗೋಣ ಅಂದುಕೊಂಡೆವು. ಬೆಳಗ್ಗೆ ನಂದಿ ಬೆಟ್ಟ, ಮಧ್ಯಾಹ್ನ ಬ್ರೂಪಬ್ಬಿನಲ್ಲಿ ಊಟ, ಸಂಜೆ ಭೋಗನಂದೀಶ್ವರ. ದೇವಸ್ಥಾನವನ್ನು ಕೊನೆಗೆ ಇಟ್ಟಿದ್ದೇ ತಪ್ಪು ಅಂತ ಅಮ್ಮ ಈಗಲೂ ಗೊಣಗುತ್ತಾಳೆ.

ಬ್ರೂಪಬ್ಬಿಗೆ ಫೋನ್ ಮಾಡಿದಾಗ ಅಲ್ಲಿನ ಹುಡುಗ ಎಷ್ಟು ಚೆನ್ನಾಗಿ ಮಾತಾಡಿದ ಅಂದರೆ, “ಫ್ಯಾಮಿಲಿಗೇ ಅಂತ ಮಾಡಿರೋದು ಸಾರ್. ಮಕ್ಕಳಿಗೆ ಜೋಕಾಲಿ ಇದೆ. ವಾಪಸ್ ಹೋಗೋಕೆ ಡ್ರೈವರ್ ಬೇಕಂದ್ರೆ ನಾವೇ ಕಳಿಸ್ತೀವಿ.” ತಲೆಗೆ 500 ರೂಪಾಯಿ ಅಡ್ವಾನ್ಸ್. ಏಳು ಜನಕ್ಕೆ 3,500. ಬಿಲ್ಲಿನಲ್ಲಿ ಪೂರ್ತಿ ಕಳೆಯುತ್ತೇವೆ ಅಂದ. ಅದನ್ನು ಒಂದು ಮೆಸೇಜ್ ಮಾಡಿ ಕಳಿಸಪ್ಪ ಅಂತ ನಾನು ಕೇಳಲಿಲ್ಲ.

ಬೆಟ್ಟದ ಮೇಲಿನ ಕಥೆ ಬಿಡಿ. ಮಂಜು, ಕೋತಿ, ಫೋಟೋ, ಎಲ್ಲರಿಗೂ ಗೊತ್ತಿರೋದೇ.

ಹೈವೇ ಬಿಟ್ಟು ಒಳಗೆ ನಾಲ್ಕು ಕಿಲೋಮೀಟರ್ ಹೋಗಿ ಗೇಟಿನ ಹತ್ತಿರ ಕಾರು ನಿಲ್ಲಿಸಿದೆವು. ಸೆಕ್ಯುರಿಟಿಯವನು ಮಕ್ಕಳನ್ನು ನೋಡಿ ತಲೆ ಆಡಿಸಿದ. 21 ವರ್ಷ ಆಗದವರು ಒಳಗೆ ಹೋಗುವ ಹಾಗಿಲ್ಲವಂತೆ. ನಿಯಮ ಇಟ್ಟುಕೊಂಡಿದ್ದಕ್ಕೆ ನನಗೆ ಬೇಜಾರಿಲ್ಲ, ಇರಬೇಕಾದ್ದೇ. ಆದರೆ ಎಂಟು ವರ್ಷದ ಮಗ, ಹದಿನೈದರ ಅಕ್ಕನ ಮಗಳು ಬರುತ್ತಿದ್ದಾರೆ ಅಂತ ಫೋನಿನಲ್ಲೇ ಹೇಳಿದ್ದೆ ಅಲ್ವಾ? ಅವರಿಗೆ ‘ಫ್ಯಾಮಿಲಿ ಸೆಕ್ಷನ್’ ಬೇರೆ ಇದೆ ಅಂದರು. ಹೋಗಿ ನೋಡಿದರೆ ಜನರೇಟರ್ ಪಕ್ಕ ಒಂದು ತಗಡಿನ ಶೆಡ್. ಜೋಕಾಲಿಯ ಒಂದು ಕಡೆ ಸರಪಳಿ, ಇನ್ನೊಂದು ಕಡೆ ಪ್ಲಾಸ್ಟಿಕ್ ಹಗ್ಗ. ನನ್ನ ಹೆಂಡತಿ ಮಕ್ಕಳ ಜೊತೆ ಅಲ್ಲೇ ಕೂತಳು. ಅಮ್ಮ ಸ್ವಲ್ಪ ಹೊತ್ತು ಅಲ್ಲಿದ್ದು, ತಗಡಿನ ಕಾವು ತಡೆಯಲಾರದೆ ನಮ್ಮ ಟೇಬಲ್ಲಿಗೆ ಬಂದುಬಿಟ್ಟಳು.

ಅತ್ತೆ ಎದುರಿಗೆ ಕೂತ ಮೇಲೆ ಭಾವನ ಕೈ ಗ್ಲಾಸಿಗೆ ಹೋಗುವುದಾದರೂ ಹೇಗೆ? ಅಮ್ಮನೇ, “ನೀವು ತಗೊಳ್ಳಿ ಅಳಿಯಂದ್ರೆ, ನಾನು ಆ ಕಡೆ ನೋಡ್ತೀನಿ” ಅಂದಳು.

ಮರದ ಹಲಗೆಯ ಮೇಲೆ ಆರು ಪುಟ್ಟ ಗ್ಲಾಸು ಬಂತು, ಭಾವನಿಗೊಂದು ಹಲಗೆ, ನನಗೊಂದು. ಮೊದಲನೆಯದು ಗೋಧಿ ಬಿಯರ್, ವೈಟ್ಜೆನ್ ಅಂತಾರಲ್ಲ ಅದು. ಅದರಲ್ಲಿ ಬಾಳೆಹಣ್ಣು, ಲವಂಗದ ಥರ ಪರಿಮಳ ಇರಬೇಕಂತೆ, ಹಣ್ಣು ಹಾಕಿ ಅಲ್ಲ, ಯೀಸ್ಟಿನಿಂದಲೇ ಬರುವುದು. ನಮ್ಮ ಗ್ಲಾಸಿನಲ್ಲಿ ಇದ್ದದ್ದು ಎರಡು ದಿನ ಹೊರಗಿಟ್ಟ ದೋಸೆ ಹಿಟ್ಟಿನ ವಾಸನೆ. ಭಾವ ಒಂದು ಗುಟುಕಿಗೇ ಕೆಳಗಿಟ್ಟರು. “ನಲ್ಲಿ ಪೈಪ್ ತೊಳೆದು ಯಾವ ಕಾಲ ಆಯ್ತೋ” ಅಂದರು. ಪೈಪಿನಲ್ಲಿ ಉಳಿದ ಬಿಯರಿನಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಹೀಗೇ ಹುಳಿ ಬರುತ್ತದಂತೆ.

ನಾಲ್ಕನೆಯ ಗ್ಲಾಸನ್ನು ಬಹಳ ಜಂಬದಿಂದ ತೋರಿಸಿದರು. ‘ನಂದಿ ದ್ರಾಕ್ಷಿ ಬಿಯರ್’, ಇಲ್ಲೇ ಬೆಳೆದ ಬೆಂಗಳೂರು ಬ್ಲೂ ದ್ರಾಕ್ಷಿಯದ್ದು ಅಂತ. 2013ರಲ್ಲಿ ಜಿಐ ಗುರುತು (ಇಂಥ ಕಡೆಯದ್ದೇ ಅನ್ನುವ ಸರ್ಕಾರಿ ಗುರುತು) ಸಿಕ್ಕಿದ ದ್ರಾಕ್ಷಿ ಅದು, ನಮ್ಮ ಕಡೆ ಚಪ್ಪರ ಹಾಕಿ ಬೆಳೆಯುವುದು. ಅಮ್ಮನ ತವರಿನಲ್ಲೂ ಬೆಳೆಯುತ್ತಿದ್ದರು. ಕುಡಿಯದಿದ್ದರೇನು, ಅಮ್ಮ ಗ್ಲಾಸನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. ಆಮೇಲೆ ಬೆರಳಿಗೆ ಒಂದು ಹನಿ ಹಚ್ಚಿ, ಎರಡು ಬೆರಳು ಉಜ್ಜಿ ನೋಡಿದಳು. ಅಂಟಂಟು. “ಬ್ಲೂ ದ್ರಾಕ್ಷಿ ಕೋಣೇಲಿಟ್ಟರೆ ಮನೆಯೆಲ್ಲ ಘಮ್ಮಂತದೆ ಕಣೋ. ಇದು ಐಸ್‌ಕ್ಯಾಂಡಿ ಸಿರಪ್ಪು.” ಸಪ್ಲೈಯರ್ ಹುಡುಗ ನಕ್ಕುಬಿಟ್ಟ. ಪಾಪ, ಅವನಿಗೂ ಗೊತ್ತಿತ್ತು.

ಭಾವನಿಗೆ ಅನುಮಾನ ಬಂತು. ಟ್ಯಾಂಕ್ ತೋರಿಸಿ ಅಂದರು. ಗಾಜಿನ ಆಚೆ ತಾಮ್ರದ ಬಣ್ಣದ ದೊಡ್ಡ ಟ್ಯಾಂಕುಗಳು, ಲೈಟು ಬೇರೆ. ಫೋಟೋಗೆ ಬಹಳ ಚೆನ್ನಾಗಿದೆ. ಆದರೆ ಟ್ಯಾಂಕಿನ ಡಯಲ್ 31 ಡಿಗ್ರಿ ತೋರಿಸುತ್ತಿತ್ತು, ಹೊರಗಿನ ಬಿಸಿಲಿನಷ್ಟೇ. ಗೋಧಿ ಬಿಯರ್ ಹುದುಗುವಾಗ ಸುಮಾರು 20 ಡಿಗ್ರಿ ಇರಬೇಕು, ಅದಕ್ಕೇ ಟ್ಯಾಂಕಿಗೆ ಕೂಲಿಂಗ್ ಕೊಡುವುದು. ಹುದುಗುವಾಗ ಹೊರಬರುವ ಗ್ಯಾಸಿಗೆ ಒಂದು ಪೈಪ್ ಬಿಟ್ಟು, ತುದಿಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿರುತ್ತಾರೆ, ಬುಳುಬುಳು ಅಂತಿರುತ್ತದೆ. ಇಲ್ಲಿ ಪೈಪ್ ಇತ್ತು, ಬಕೆಟ್ಟೂ ಇತ್ತು. ಬಕೆಟ್ಟಿನಲ್ಲಿ ಒಂದು ಸತ್ತ ಹಲ್ಲಿ ಮತ್ತು ನೆಲ ಒರೆಸುವ ಬಟ್ಟೆ. ಅದೇ ಸಪ್ಲೈಯರ್ ಹುಡುಗ ಮೆಲ್ಲಗೆ, “ಇಲ್ಲಿ ಮಾಡ್ತಿಲ್ಲ ಅಣ್ಣ, ಗಾಡೀಲಿ ಬರುತ್ತೆ” ಅಂದ.

ಬಿಲ್ ಬಂತು. ಊಟ 2,460, ಬಿಯರ್ 1,800. ಅದರ ಮೇಲೆ 10% ಸರ್ವಿಸ್ ಚಾರ್ಜ್ 426. ಎಲ್ಲಾ ಸೇರಿಸಿ ಅದರ ಮೇಲೆ 5% ಜಿಎಸ್‌ಟಿ. ಒಟ್ಟು 4,920. ಇಲ್ಲಿ ದಯವಿಟ್ಟು ಗಮನಿಸಿ. ಕುಡಿಯುವ ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಅದು ರಾಜ್ಯದ ತೆರಿಗೆಗೆ ಸೇರಿದ್ದು. ಜಿಎಸ್‌ಟಿ ಹಾಕುವುದಾದರೆ ಊಟಕ್ಕೆ ಮಾತ್ರ, ಅಂದರೆ 123 ರೂಪಾಯಿ. ಸರ್ವಿಸ್ ಚಾರ್ಜನ್ನು ಕೇಳದೆ ಬಿಲ್ಲಿಗೆ ಸೇರಿಸಬಾರದು ಅಂತ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟೂ ಅದನ್ನು ಎತ್ತಿ ಹಿಡಿದಿದೆ. ಇದನ್ನೆಲ್ಲ ಹೇಳಿದರೂ ಮ್ಯಾನೇಜರ್ ಸಿಸ್ಟಮ್ಮಿನಲ್ಲಿ ಹಾಗೇ ಬರುತ್ತೆ ಅಂತಲೇ ಇದ್ದ. ಅಕ್ಕ ಫೋನ್ ತೆಗೆದು ಗ್ರಾಹಕರ ಸಹಾಯವಾಣಿ 1915 ಒತ್ತಿದ್ದೇ ತಡ, ಸಿಸ್ಟಮ್ ಸರಿಹೋಯಿತು. 4,383 ಆಯಿತು.

ಅಡ್ವಾನ್ಸಿನದ್ದು ಮಾತ್ರ ಸರಿಹೋಗಲಿಲ್ಲ. ಐದು ಜನರದ್ದು 2,500 ಕಳೆದ. ಮಕ್ಕಳದ್ದು 1,000 ಎಂಟ್ರಿ ಚಾರ್ಜಂತೆ. ಒಳಗೇ ಬಿಡದ ಮಕ್ಕಳಿಗೆ ಎಂಟ್ರಿ ಚಾರ್ಜು!

ಈಗ ನನ್ನ ತಪ್ಪು. ಗಾಡಿ ನನ್ನದು, ಓಡಿಸಬೇಕಾದವನು ನಾನು. ಡ್ರೈವರ್ ಕೊಡುತ್ತಾರಲ್ಲ ಅಂತ ನಾನೂ ಮೂರು ಗ್ಲಾಸು ಕುಡಿದಿದ್ದೆ. ಪುಟ್ಟ ಗ್ಲಾಸು ಅಂತ ಸುಮ್ನೆ ಅನ್ನಿಸುತ್ತದೆ ಅಷ್ಟೆ. ಒಂದು 100 ಎಂಎಲ್, ಆರು ಮುಗಿಸಿದರೆ 600. ಅಂಗಡಿಯ ದೊಡ್ಡ ಬಾಟಲಿ 650. ಹೊರಡುವಾಗ ಡ್ರೈವರ್ ಕೇಳಿದರೆ “ಇವತ್ತು ಇಲ್ಲ ಸಾರ್” ಅಂದರು. ಆ ಹೊಲದ ನಡುವೆ ಯಾವ ಟ್ಯಾಕ್ಸಿ ಬರುತ್ತದೆ? 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿ ಗಾಡಿ ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ದಂಡದ ಮಾತು ಹಾಗಿರಲಿ, ಹಿಂದಿನ ಸೀಟಿನಲ್ಲಿ ಮಕ್ಕಳಿದ್ದಾರೆ. ಕೊನೆಗೆ ಅಕ್ಕ ಓಡಿಸಿದಳು. ಶಿವಮೊಗ್ಗದೊಳಗೆ ಸ್ಕೂಲಿಗೆ, ಮಾರ್ಕೆಟ್ಟಿಗೆ ಓಡಿಸುವವಳು, ಹೈವೇಯಲ್ಲಿ ಲಾರಿಗಳ ನಡುವೆ 40ರಲ್ಲಿ ಬಂದಳು. ಹೈವೇ ಹತ್ತಿದ ಸ್ವಲ್ಪ ದೂರಕ್ಕೇ ಪೊಲೀಸರು ಕೈ ಅಡ್ಡ ಹಾಕಿದರು. ಅಕ್ಕ ಊದಿದಳು, ಸೊನ್ನೆ. ಪೊಲೀಸಪ್ಪ ಹಿಂದೆ ಬಗ್ಗಿ ನಮ್ಮಿಬ್ಬರ ಮುಖ ನೋಡಿ, “ಅಮ್ಮಾ, ನೀವು ಓಡಿಸ್ತಿರೋದೇ ಒಳ್ಳೇದಾಯ್ತು” ಅಂದ. ಭೋಗನಂದೀಶ್ವರಕ್ಕೆ ನಾವಿಬ್ಬರೂ ಹೋಗಲಿಲ್ಲ, ಕಾರಿನಲ್ಲೇ ಕೂತಿದ್ದೆವು.

ಹೋಗಲೇಬೇಕು ಅನ್ನುವವರು ಅಡ್ವಾನ್ಸ್ ಕಳಿಸುವ ಮುಂಚೆ ಈಗ ಯಾವ ಟ್ಯಾಂಕಿನಲ್ಲಿ ಏನಿದೆ, ಯಾವತ್ತು ಹಾಕಿದ್ದು ಅಂತ ಕೇಳಿ. ನಿಜವಾಗಿ ಅಲ್ಲೇ ಮಾಡುವವರು ಇದಕ್ಕೆ ಖುಷಿಯಿಂದ ಉತ್ತರ ಕೊಡುತ್ತಾರೆ, ಫೋನ್ ಇಡೋಕೇ ಬಿಡಲ್ಲ ಅಂತಾರೆ ಭಾವ. ಮಕ್ಕಳು ಎಲ್ಲಿ ಕೂರಬೇಕು ಅನ್ನೋದಕ್ಕೆ ಫೋಟೋ ಕೇಳಿ. ಅಡ್ವಾನ್ಸಿನ ಮಾತು ಮೆಸೇಜಿನಲ್ಲಿ ಇರಲಿ. ಅವರ ಡ್ರೈವರನ್ನು ನಂಬಿಕೊಂಡು ಮಾತ್ರ ಮನೆ ಬಿಡಬೇಡಿ.

1915ಕ್ಕೆ ದೂರು ಕೊಟ್ಟು ಹದಿನೆಂಟು ದಿನ ಆಯಿತು. ಆ ಸಾವಿರ ರೂಪಾಯಿ ಇನ್ನೂ ಬಂದಿಲ್ಲ. ಬಂದರೆ ಹೇಳುತ್ತೇನೆ.