ಹಳೇ ಡೆಸ್ಕ್‌ಟಾಪಿಗೆ ಫೈಬರ್ ನೆಟ್: ಕೇಬಲ್ಲೋ, ಕಾರ್ಡೋ, ಡಾಂಗಲ್ಲೋ?

ಫೈಬರ್ ಕನೆಕ್ಷನ್ ಕೊಡಲು ಬರುವ ಹುಡುಗರು ಗೋಡೆಗೆ ಒಎನ್‌ಟಿ ಡಬ್ಬಿ (ಫೈಬರಿನ ಮೋಡೆಮ್) ಕೂರಿಸಿ, ಮನೆಯವರ ಮೊಬೈಲಿಗೆ ವೈಫೈ ಪಾಸ್‌ವರ್ಡ್ ಹಾಕಿ, ಸ್ಪೀಡ್ ಟೆಸ್ಟಲ್ಲಿ ನೂರು ತೋರಿಸಿ ಹೊರಟುಬಿಡುತ್ತಾರೆ. ಮೂಲೆಯಲ್ಲಿ ಕೂತ ಹಳೇ ಸಿಪಿಯು ಅವರ ಲೆಕ್ಕಕ್ಕೇ ಇಲ್ಲ. ಕೇಳಿದರೆ ‘ಇದಕ್ಕೆ ವೈಫೈ ಇಲ್ಲ ಸರ್, ಡಾಂಗಲ್ ತಗೊಳ್ಳಿ’ ಅನ್ನುತ್ತಾರೆ. ಯುಎಸ್‌ಬಿಗೆ ಚುಚ್ಚುವ ವೈಫೈ ತುಂಡೇ ಡಾಂಗಲ್. ಆ ಮಾತು ಕೇಳಿ ನೇರ ಅಂಗಡಿಗೆ ಹೋಗುವ ಮೊದಲು ಇದನ್ನೊಮ್ಮೆ ಓದಿ. ಕೋರ್ 2 ಡ್ಯುಯೋ ಅಥವಾ ಎರಡನೇ ತಲೆಮಾರಿನ ಐ3 ಪ್ರೊಸೆಸರ್, ಜಿ41 ಇಲ್ಲವೇ ಎಚ್61 ಮದರ್‌ಬೋರ್ಡ್, 2ರಿಂದ 4 ಜಿಬಿ ರ‍್ಯಾಮ್: ನಮ್ಮೂರುಗಳ ಮನೆ, ಝೆರಾಕ್ಸ್ ಅಂಗಡಿ, ಸೊಸೈಟಿ ಕಚೇರಿಗಳಲ್ಲಿ ಇನ್ನೂ ಓಡುತ್ತಿರುವ ಮೆಷಿನ್‌ಗಳು ಇವೇ. ಇವಕ್ಕೆ ನೆಟ್ ತರಲು ಸಿಗುವ ಸಾಮಾನುಗಳಲ್ಲಿ ಯಾವುದು ಕಾಸಿಗೆ ತಕ್ಕದ್ದು, ಯಾವುದು ಅಲ್ಲ ಎಂಬುದಷ್ಟೇ ಇಲ್ಲಿನ ವಿಚಾರ.

ಮೊದಲ ಸ್ಥಾನ, ಎರಡು ಮಾತಿಲ್ಲದೆ, ಮಾಮೂಲಿ ಲ್ಯಾನ್ ಕೇಬಲ್ಲಿಗೆ. ಸಿಪಿಯು ಹಿಂದೆ ಚೌಕದ ತೂತು ಇದ್ದೇ ಇರುತ್ತದೆ. ಅದರ ತಾಕತ್ತು ಎಷ್ಟು ಅಂತ ತಿಳಿಯಲು ವಿಂಡೋಸಿನ ಡಿವೈಸ್ ಮ್ಯಾನೇಜರ್ ತೆರೆದು ನೆಟ್‌ವರ್ಕ್ ಅಡಾಪ್ಟರ್ ಸಾಲು ನೋಡಿ. ರಿಯಲ್‌ಟೆಕ್ ಚಿಪ್ ಇದ್ದರೆ ‘ಎಫ್‌ಇ’ ಅಂತಿದ್ದರೆ 100 ಎಂಬಿಪಿಎಸ್, ‘ಜಿಬಿಇ’ ಅಂತಿದ್ದರೆ ಗಿಗಾಬಿಟ್, ಅಂದರೆ 1000. ನೂರರ ಪೋರ್ಟಲ್ಲಿ ಸ್ಪೀಡ್ ಟೆಸ್ಟ್ 94ರ ಹತ್ತಿರ ನಿಲ್ಲುತ್ತದೆ. ಮಿಕ್ಕ ಆರು ಕದ್ದುಹೋಗಿಲ್ಲ, ಪ್ಯಾಕೆಟ್‌ಗಳ ಮೇಲ್ಖರ್ಚಿಗೆ ಹೋಗಿದೆ. ಫೈಲ್ ಇಳಿಯುವಾಗ ಸೆಕೆಂಡಿಗೆ 11 ಮೆಗಾಬೈಟ್ ಚಿಲ್ಲರೆ ಕಂಡರೆ ಅದೇ ಪೂರ್ತಿ ಸ್ಪೀಡು, ಎಂಟು ಬಿಟ್ ಸೇರಿದರೆ ಒಂದು ಬೈಟ್. ನಿಮ್ಮ ಪ್ಲಾನ್ 100 ಅಥವಾ ಅದಕ್ಕಿಂತ ಕಡಿಮೆಯದಾಗಿದ್ದರೆ ಕೇಬಲ್ ಬಿಟ್ಟು ಬೇರೇನೂ ಕೊಳ್ಳಬೇಡಿ.

ಕೇಬಲ್ಲಲ್ಲೂ ಮೋಸವಿದೆ. ಅಗ್ಗದ ಕ್ಯಾಟ್ 6 (ಲ್ಯಾನ್ ಕೇಬಲ್ಲಿನ ಒಂದು ದರ್ಜೆ) ಅಂತ ಮಾರುವುದರಲ್ಲಿ ಎಷ್ಟೋ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟವು. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ನಾಲ್ಕು ಸಲ ಬಾಗಿಸಿದರೆ ಅದು ಒಳಗೇ ಮುರಿಯುತ್ತದೆ. ಎಂಟೂ ಎಳೆ ಶುದ್ಧ ತಾಮ್ರದ ಕ್ಯಾಟ್ 5ಇ ಸಾಕು, 100 ಮೀಟರಿನವರೆಗೆ ಗಿಗಾಬಿಟ್ ಹೊರುತ್ತದೆ. ಅಂಗಡಿಯಲ್ಲೇ ಕ್ರಿಂಪ್ ಮಾಡಿಸುವುದಾದರೆ, ಅಂದರೆ ತುದಿಗೆ ಪ್ಲಗ್ ಕೂರಿಸುವುದಾದರೆ, ಬಣ್ಣದ ಸಾಲು ನೀವೇ ನಿಂತು ನೋಡಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ‘ಎರಡೂ ತುದಿ ಒಂದೇ ಥರ ಇದ್ದರೆ ಆಯ್ತು’ ಅಂತ ಕೆಲವರು ಜೋಡಿ ಜೋಡಿಯಾಗಿ ಸಾಲಾಗಿ ಕೂರಿಸಿಬಿಡುತ್ತಾರೆ. ಲೈಟ್ ಹತ್ತುತ್ತದೆ, ಟೆಸ್ಟರ್ ಕೂಡ ಪಾಸ್ ಅನ್ನುತ್ತದೆ, ಆದರೆ ಸ್ಪೀಡ್ ಕುಂಟುತ್ತದೆ. 3 ಮತ್ತು 6ನೇ ಪಿನ್ನಿಗೆ ಹೋಗುವ ಎಳೆಗಳು ಒಂದಕ್ಕೊಂದು ಹೊಸೆದುಕೊಂಡ ಒಂದೇ ಜೋಡಿಯಾಗಿರಬೇಕು. ಹೊಸೆತ ಇರುವುದೇ ಅಕ್ಕಪಕ್ಕದ ಗದ್ದಲ ತಡೆಯಲು. ಜೋಡಿ ಒಡೆದರೆ ಆ ಉಪಯೋಗ ಹೋಯಿತು.

ಇನ್ನು ಒಎನ್‌ಟಿ ಕಡೆಯ ತುದಿ. ಕಡಿಮೆ ಬೆಲೆಯ ಒಎನ್‌ಟಿಗಳಲ್ಲಿ ಎರಡೋ ನಾಲ್ಕೋ ಲ್ಯಾನ್ ಪೋರ್ಟ್ ಕಂಡರೂ ಗಿಗಾಬಿಟ್ ಇರುವುದು ಒಂದೇ, ಮಿಕ್ಕವು ನೂರರವು. ಹಿಂಬದಿಯಲ್ಲಿ ‘ಜಿಇ’ ಅಂತ ಬರೆದ ಪೋರ್ಟಿಗೇ ಚುಚ್ಚಿ. 200ರ ಪ್ಲಾನ್ ಹಾಕಿಸಿಕೊಂಡು, ಗಿಗಾಬಿಟ್ ಸಿಪಿಯು ಇದ್ದೂ, 94ಕ್ಕೆ ನಿಂತಿದೆ ಅಂತ ಕಸ್ಟಮರ್ ಕೇರಿಗೆ ಬಯ್ಯುವವರ ಮನೆಯಲ್ಲಿ ಒಂದೋ ಕೇಬಲ್ ತಪ್ಪು ತೂತಿನಲ್ಲಿರುತ್ತದೆ, ಇಲ್ಲವೇ ಎಂಟರಲ್ಲಿ ಒಂದು ಎಳೆ ಕಡಿದಿರುತ್ತದೆ. ನೂರಕ್ಕೆ ನಾಲ್ಕೇ ಎಳೆ ಸಾಕು, ಗಿಗಾಬಿಟ್ಟಿಗೆ ಎಂಟೂ ಬೇಕು. ಹಾಗಾಗಿ ಮಿಕ್ಕ ನಾಲ್ಕರಲ್ಲಿ ಒಂದು ಕಡಿದರೆ ನೆಟ್ ನಿಲ್ಲುವುದಿಲ್ಲ, ಸದ್ದಿಲ್ಲದೆ ನೂರಕ್ಕೆ ಇಳಿಯುತ್ತದೆ.

ಬೋರ್ಡಿನ ಲ್ಯಾನ್ ಪೋರ್ಟೇ ಸತ್ತಿದ್ದರೆ? ಹಳೇ ಮೆಷಿನ್‌ಗಳಲ್ಲಿ ಇದು ಮಾಮೂಲು, ಅದರಲ್ಲೂ ಸಿಡಿಲು ಹೆಚ್ಚಿರುವ ಕಡೆ. ತಾಮ್ರದ ಫೋನ್ ಲೈನಲ್ಲಿ ಬ್ರಾಡ್‌ಬ್ಯಾಂಡ್ ಬರುತ್ತಿದ್ದ ಕಾಲದಲ್ಲಿ ಮೊದಲ ಮಳೆಗೆ ಮೋಡೆಮ್ಮೂ ಅದರ ಜೊತೆ ಲ್ಯಾನ್ ಪೋರ್ಟೂ ಹೋಗುತ್ತಿದ್ದವು. ಇಂಥಲ್ಲಿ ಎರಡು ದಾರಿ. ಸಿಪಿಯು ಬಿಚ್ಚಲು ಹಿಂಜರಿಕೆ ಇಲ್ಲದಿದ್ದರೆ ಟಿಪಿ-ಲಿಂಕ್ ಟಿಜಿ-3468 ಥರದ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕಿ. ಗಿಗಾಬಿಟ್, ರಿಯಲ್‌ಟೆಕ್ ಚಿಪ್, ಡ್ರೈವರ್ (ಕಾರ್ಡನ್ನು ವಿಂಡೋಸಿಗೆ ಪರಿಚಯಿಸುವ ತಂತ್ರಾಂಶ) ತಲೆನೋವು ಕಡಿಮೆ. ಕೊಳ್ಳುವ ಮೊದಲು ಬೋರ್ಡಲ್ಲಿ ಖಾಲಿ ಇರುವುದು ಚಿಕ್ಕ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟೋ, ಉದ್ದನೆಯ ಹಳೇ ಪಿಸಿಐ ಸ್ಲಾಟೋ ನೋಡಿಕೊಳ್ಳಿ, ಒಂದರ ಕಾರ್ಡ್ ಇನ್ನೊಂದಕ್ಕೆ ಹೋಗುವುದಿಲ್ಲ. ಹಳೇ ಪಿಸಿಐ ಕಾರ್ಡ್ ಬೇಕಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಸೆಕೆಂಡ್ ಹ್ಯಾಂಡ್ ಹುಡುಕಬೇಕು. ಸ್ಲಿಮ್ ಕ್ಯಾಬಿನೆಟ್ ಆದರೆ ಡಬ್ಬಿಯಲ್ಲಿ ಗಿಡ್ಡ ಬ್ರಾಕೆಟ್ ಇದೆಯೇ ಕೇಳಿ.

ಬಿಚ್ಚುವ ಗೋಜೇ ಬೇಡವೆಂದರೆ ಟಿಪಿ-ಲಿಂಕ್ ಯುಇ300, ಅಂದರೆ ಯುಎಸ್‌ಬಿಯಿಂದ ಲ್ಯಾನ್ ಕೊಡುವ ತುಂಡು. ಇದು ಯುಎಸ್‌ಬಿ 3ರ ಸಾಮಾನು, ಹಳೇ ಯುಎಸ್‌ಬಿ 2 ಪೋರ್ಟಲ್ಲೂ ಓಡುತ್ತದೆ. ಯುಎಸ್‌ಬಿ 2ರ ಕಾಗದದ ಮೇಲಿನ ವೇಗ 480, ಕೈಗೆ ಸಿಗುವುದು 300ರ ಆಸುಪಾಸು. ಮನೆಯ ಪ್ಲಾನಿಗೆ ಧಾರಾಳವಾಯಿತು. ವಿಂಡೋಸ್ 7ಕ್ಕೆ ಡ್ರೈವರ್ ಹಾಕಬೇಕು, ವಿಂಡೋಸಿನ ಬದಲು ಹಾಕುವ ಲಿನಕ್ಸಲ್ಲಿ ಚುಚ್ಚಿದ ಕೂಡಲೇ ಎದ್ದೇಳುತ್ತದೆ.

ಕೇಬಲ್ ಎಳೆಯಲು ಆಗುವುದೇ ಇಲ್ಲ, ಒಎನ್‌ಟಿ ಹಾಲಲ್ಲಿ, ಸಿಪಿಯು ಮಹಡಿಯಲ್ಲಿ ಅನ್ನುವವರಿಗೆ ಮಾತ್ರ ಡಾಂಗಲ್. ಅಂಗಡಿಯವರು ಮೊದಲು ಕೈಗಿಡುವುದು ಟಿಎಲ್-ಡಬ್ಲ್ಯುಎನ್725ಎನ್, ಉಗುರಿನಷ್ಟು ಚಿಕ್ಕದು. ಡಬ್ಬಿಯ ಮೇಲೆ 150 ಅಂತಿದೆ. ಆದರೆ ಅದು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ, ಅಪಾರ್ಟ್‌ಮೆಂಟಿನ ಹತ್ತಾರು ವೈಫೈಗಳು ಕಿಕ್ಕಿರಿದಿರುವುದೂ ಅಲ್ಲೇ. ಒಂದೇ ಕೋಣೆಯಲ್ಲಿ 40-50 ಬಂದರೆ ಹೆಚ್ಚು, ಗೋಡೆ ಅಡ್ಡ ಬಂದರೆ ಅದೂ ಇಲ್ಲ. ಇನ್ನಷ್ಟು ಕಾಸು ಹಾಕಿ ಆರ್ಚರ್ ಟಿ2ಯು ನ್ಯಾನೋ ತಗೊಂಡರೆ 5 ಗಿಗಾಹರ್ಟ್ಸ್ ಕೂಡ ಸಿಗುತ್ತದೆ, ಹತ್ತಿರದಲ್ಲಿದ್ದರೆ ನೂರು ದಾಟುತ್ತದೆ. ನಮ್ಮ ಆಯ್ಕೆ ಇದೇ. ಒಂದು ಎಚ್ಚರಿಕೆ: ಇದರ ಡ್ರೈವರ್ ಹಳೇ ಲಿನಕ್ಸ್ ಕರ್ನಲ್‌ಗಳ (ಲಿನಕ್ಸಿನ ತಿರುಳು) ಒಳಗಿಲ್ಲ, ಬೇರೆಯಾಗಿ ಇಳಿಸಿ, ಸಿದ್ಧಪಡಿಸಿ ಹಾಕಬೇಕು. ಲಿನಕ್ಸ್ ಹೊಸಬರಿಗೆ ಅದು ಒಂದು ಸಂಜೆಯ ಕೆಲಸ.

ಯಾವ ಡಾಂಗಲ್ಲೇ ಆಗಲಿ, ಸಿಪಿಯು ಹಿಂದೆ ಚುಚ್ಚಬೇಡಿ. ತಗಡಿನ ಕ್ಯಾಬಿನೆಟ್ಟು, ಅದರ ಹಿಂದೆ ಗೋಡೆ, ನಡುವೆ ವೈರುಗಳ ಗಂಟು. ಅಲ್ಲಿ ಸಿಗ್ನಲ್ ಉಸಿರಾಡುವುದಿಲ್ಲ. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ ಮೇಜಿನ ಮೇಲೆ ತಂದಿಟ್ಟರೆ ಎರಡು ಕಡ್ಡಿ ಇದ್ದದ್ದು ನಾಲ್ಕಾಗುತ್ತದೆ. 2.4 ಮಾತ್ರ ಹಿಡಿಯುವ ಡಾಂಗಲ್ ಹಾಕಿದ ಸಿಪಿಯುನಲ್ಲಿ, ಮೊಬೈಲಿಗೆ ಕಾಣುವ ವೈಫೈ ಹೆಸರು ಕಾಣುತ್ತಿಲ್ಲ ಅಂದರೆ ಅದು ಸಾಮಾನ್ಯವಾಗಿ 5 ಗಿಗಾಹರ್ಟ್ಸಿನ ಹೆಸರು. ಹೆಸರು ಕಂಡೂ, ಪಾಸ್‌ವರ್ಡ್ ಸರಿಯಿದ್ದೂ ಒಳಗೆ ಬಿಡುತ್ತಿಲ್ಲ ಅಂದರೆ ಒಎನ್‌ಟಿಯಲ್ಲಿ ಡಬ್ಲ್ಯುಪಿಎ3 (ವೈಫೈ ಭದ್ರತೆಯ ಹೊಸ ಬಗೆ) ಮಾತ್ರ ಇದೆಯೇ ನೋಡಿ, ಡಬ್ಲ್ಯುಪಿಎ2-ಎಇಎಸ್‌ಗೆ ಇಳಿಸಿ.

ಡ್ರೈವರ್ ಇರುವುದು ಸಿಡಿಯಲ್ಲಿ, ಸಿಡಿ ಡ್ರೈವ್ ಸತ್ತು ಮೂರು ವರ್ಷವಾಗಿದೆ. ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ಟಿಗೆ ಡ್ರೈವರ್ ಬೇಕು. ಈ ಸುಳಿಯಿಂದ ಹೊರಬರಲು ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್ಲಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಗ ಸಿಪಿಯುಗೆ ಫೋನೇ ನೆಟ್‌ವರ್ಕ್ ಕಾರ್ಡು. ವಿಂಡೋಸ್ 7ರಲ್ಲಿ ಡ್ರೈವರ್ ಹಾಕಿದ ಮೇಲೂ ಹಳದಿ ಗುರುತು, ‘ಕೋಡ್ 52’ ಬಂದರೆ ಸಾಮಾನು ಕೆಟ್ಟಿಲ್ಲ. ಹೊಸ ಡ್ರೈವರ್‌ಗಳ ಡಿಜಿಟಲ್ ಸಹಿ ಎಸ್‌ಎಚ್‌ಎ-2 ಬಗೆಯದು, ಅಪ್‌ಡೇಟ್ ಕಾಣದ 7ಕ್ಕೆ ಅದನ್ನು ಓದಲು ಬರುವುದಿಲ್ಲ. ಮೈಕ್ರೋಸಾಫ್ಟಿನ ಅಪ್‌ಡೇಟ್‌ಗಳಾದ ಕೆಬಿ4490628, ಆಮೇಲೆ ಕೆಬಿ4474419, ಇದೇ ಕ್ರಮದಲ್ಲಿ ಹಾಕಿ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ.

ಕೇಬಲ್ ಸರಿ, ಲೈಟ್ ಸರಿ, ನೆಟ್ ಮಾತ್ರ ಇಲ್ಲ ಅನ್ನುವ ದೂರುಗಳಲ್ಲಿ ಬಹುಪಾಲು ಹಳೇ ಕನೆಕ್ಷನ್ನಿನ ಪಳೆಯುಳಿಕೆ. ಬಿಎಸ್‌ಎನ್‌ಎಲ್‌ನ ಡಾಟಾಒನ್ ಬ್ರಾಡ್‌ಬ್ಯಾಂಡ್ ಕಾಲದಲ್ಲಿ ಡೆಸ್ಕ್‌ಟಾಪ್ ಮೇಲೆ ‘ಬ್ರಾಡ್‌ಬ್ಯಾಂಡ್ ಕನೆಕ್ಷನ್’ ಐಕಾನ್ ಒತ್ತಿ ಡಯಲ್ ಮಾಡುತ್ತಿದ್ದೆವಲ್ಲ, ಅದು ಇನ್ನೂ ಅಲ್ಲೇ ಕೂತು 651 ಎರರ್ ಕೊಡುತ್ತಿರುತ್ತದೆ. ಈಗ ಸಾಮಾನ್ಯವಾಗಿ ಡಯಲ್ ಮಾಡುವುದು ಒಎನ್‌ಟಿ, ಸಿಪಿಯು ಅಲ್ಲ. ಇಂಟರ್ನೆಟ್ ಆಪ್ಷನ್ಸಿನ ಕನೆಕ್ಷನ್ಸ್ ಪುಟದಲ್ಲಿ ‘ನೆವರ್ ಡಯಲ್’ ಆರಿಸಿ, ಐಕಾನ್ ಅಳಿಸಿ. ಒಎನ್‌ಟಿಯನ್ನು ಬ್ರಿಜ್ ಮೋಡಲ್ಲಿ (ತಾನು ಡಯಲ್ ಮಾಡದೆ ಲೈನನ್ನು ಹಾಗೇ ದಾಟಿಸುವಂತೆ) ಇಟ್ಟು ಹೋಗಿದ್ದರೆ ಮಾತ್ರ ಸಿಪಿಯುನಿಂದ ಡಯಲ್ ಮಾಡಬೇಕು. ಆಗ 691 ಬಂದರೆ ಯೂಸರ್ ಐಡಿ ಅಥವಾ ಪಾಸ್‌ವರ್ಡ್ ತಪ್ಪು. ಎರಡನೆಯ ಪಳೆಯುಳಿಕೆ, ಹಿಂದೆ ಕೇಬಲ್ ನೆಟ್‌ನವರು ಕೈಯಾರೆ ತುಂಬಿಸಿದ ಐಪಿ ವಿಳಾಸ. ಅಡಾಪ್ಟರಿನ ಐಪಿವಿ4 ಪ್ರಾಪರ್ಟೀಸ್ ತೆರೆದು ಐಪಿ, ಡಿಎನ್‌ಎಸ್ ಎರಡನ್ನೂ ‘ಆಟೋಮ್ಯಾಟಿಕ್’ ಮಾಡಿ. ಆಮೇಲೂ ವಿಳಾಸ 169.254ರಿಂದ ಶುರುವಾದರೆ ಸಿಪಿಯುಗೆ ಒಎನ್‌ಟಿಯಿಂದ ಉತ್ತರವೇ ಬಂದಿಲ್ಲ ಅಂತ ಅರ್ಥ. ತಿರುಗಿ ಕೇಬಲ್ ನೋಡಿ.

ಸೈಟ್ ತೆರೆದರೆಲ್ಲ ‘ಸಂಪರ್ಕ ಸುರಕ್ಷಿತವಲ್ಲ’ ಅನ್ನುವುದು ಇನ್ನೊಂದು ರಗಳೆ. ಕೆಳಗಿನ ಮೂಲೆಯಲ್ಲಿ ತಾರೀಖು ನೋಡಿ. 2009 ಅಂತಿದ್ದರೆ ಬೋರ್ಡಿನ ನಾಣ್ಯದಂಥ ಬ್ಯಾಟರಿ ತೀರಿದೆ. ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಓಡುತ್ತದೆ, ಸೈಟುಗಳ ಇವತ್ತಿನ ಗುರುತಿನ ಸರ್ಟಿಫಿಕೇಟು ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ. ಸಿಆರ್2032 ಹಾಕಿ, ತಾರೀಖು ತಿದ್ದಿ. ಗಡಿಯಾರದ ಅಂಗಡಿಯಲ್ಲೂ ಸಿಗುವ ಬ್ಯಾಟರಿ ಅದು, ಇದಕ್ಕಾಗಿ ಇಡೀ ವಿಂಡೋಸ್ ಹೊಸದಾಗಿ ಹಾಕಿಸಿಕೊಂಡವರೂ ಇದ್ದಾರೆ.

ವಿಂಡೋಸ್ 7ನ್ನು ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಕೈಬಿಟ್ಟಿದೆ, ಕ್ರೋಮ್ ಅದರಲ್ಲಿ 109ನೇ ಆವೃತ್ತಿಗೆ ನಿಂತಿದೆ. ಪಹಣಿ ನೋಡಲು, ಹಾಡು ಕೇಳಲು ನಡೆದೀತು, ಬ್ಯಾಂಕ್ ಕೆಲಸಕ್ಕೆ ಬೇಡ. ಎಕ್ಸ್‌ಪಿಯನ್ನು ನೆಟ್ಟಿಗೆ ಕಟ್ಟುವ ಮಾತೇ ಬೇಡ. 4 ಜಿಬಿ ರ‍್ಯಾಮ್ ಮಾಡಿ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದರೆ ಇಂಥ ಮೆಷಿನ್ ಮತ್ತೆ ಮರ್ಯಾದೆಯಿಂದ ಓಡುತ್ತದೆ.

ಯೂಟ್ಯೂಬ್ ತಡವರಿಸಿದರೆ ತಕ್ಷಣ ಲೈನಿಗೆ ಬಯ್ಯಬೇಡಿ, ಟಾಸ್ಕ್ ಮ್ಯಾನೇಜರ್ ನೋಡಿ. ಪ್ರೊಸೆಸರ್ ನೂರಕ್ಕೆ ನೂರು ತೋರಿಸುತ್ತಿದ್ದರೆ ನೆಟ್ ಬರುತ್ತಿದೆ, ಬಿಡಿಸಲು ಮೆಷಿನ್ನಿಗೆ ಆಗುತ್ತಿಲ್ಲ. ಯೂಟ್ಯೂಬ್ ಬಹಳಷ್ಟು ವಿಡಿಯೋ ಕೊಡುವುದು ವಿಪಿ9 ಬಗೆಯಲ್ಲಿ, ಈ ಬೋರ್ಡುಗಳ ಗ್ರಾಫಿಕ್ಸಿಗೆ ಅದು ತಿಳಿಯದು. ಬ್ರೌಸರಿಗೆ ಹಳೇ ಎಚ್264 ಬಗೆಯನ್ನೇ ತರಿಸುವ ಎಚ್264ಇಫೈ ಎಕ್ಸ್‌ಟೆನ್ಷನ್ ಹಾಕಿ 480ಕ್ಕೆ ಇಳಿಸಿದರೆ ಹೊರೆ ಎಷ್ಟೋ ತಗ್ಗುತ್ತದೆ.

ಒಎನ್‌ಟಿಯಲ್ಲಿ ‘ಲಾಸ್’ ಕೆಂಪು ಲೈಟ್ ಮಿನುಗಿದರೆ ಮೇಲೆ ಹೇಳಿದ ಯಾವುದನ್ನೂ ಮುಟ್ಟಬೇಡಿ, ಫೈಬರ್ ಕಡಿದಿದೆ ಅಥವಾ ಮೊಣಕೈಯಂತೆ ಬಾಗಿದೆ, ಲೈನಿನವರನ್ನೇ ಕರೆಯಿರಿ. ಗುಡುಗು ಶುರುವಾದರೆ ಒಎನ್‌ಟಿಯ ಅಡಾಪ್ಟರ್ ಕೀಳುವುದರ ಜೊತೆಗೆ ಸಿಪಿಯು ಹಿಂದಿನ ಲ್ಯಾನ್ ಕೇಬಲ್ಲನ್ನೂ ಕೀಳಿ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯದು ನಿಜ, ಒಎನ್‌ಟಿಯಿಂದ ಸಿಪಿಯುವರೆಗಿನದ್ದು ತಾಮ್ರವೇ.