ಒಂದು 'ಬೇಗ'ಕ್ಕೆ ನಾಲ್ಕು ಇಂಗ್ಲಿಷ್: ಮಂಡಿಯಲ್ಲಿ ಬಳಸಿ ನೋಡಿದ್ದು

ಕೋಲಾರದ ಟೊಮ್ಯಾಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹೊರರಾಜ್ಯದ ಖರೀದಿದಾರರಿಗೂ ಲಾರಿ ಏಜೆಂಟರಿಗೂ ಇಂಗ್ಲಿಷಿನಲ್ಲಿ ಮೆಸೇಜ್ ಹಾಕುವುದೂ ನನ್ನ ಕೆಲಸವೇ. ಕನ್ನಡದಲ್ಲಿ ಬೇಗ ಬನ್ನಿ, ಬೇಗ ಎದ್ದೆ, ಬೇಗ ಲೋಡ್ ಮಾಡಿ, ಬೇಗ ಓಡು, ಎಲ್ಲಕ್ಕೂ ಒಂದೇ ಮಾತು. ಇಂಗ್ಲಿಷಿನಲ್ಲಿ ಅದೇ ಜಾಗಕ್ಕೆ ಸೂನ್, ಅರ್ಲಿ, ಕ್ವಿಕ್ಲಿ, ಫಾಸ್ಟ್ ಎಂದು ನಾಲ್ಕು ಬಂದು ನಿಲ್ಲುತ್ತವೆ.

ಮೊದಲು ಸೂನ್. ಒಂದು ಸಂಜೆ ಏಜೆಂಟರಿಗೆ 'ಪ್ಲೀಸ್ ಸೆಂಡ್ ದ ಲಾರಿ ಸೂನ್' ಅಂತ ಹಾಕಿದೆ. ನಾಳೆ ಬೆಳಿಗ್ಗೆ ದಿನಾ ಬರುವುದಕ್ಕಿಂತ ಬೇಗ ಬರಲಿ ಅನ್ನುವುದು ನನ್ನ ಮನಸ್ಸಿನಲ್ಲಿತ್ತು. ಲಾರಿ ಆ ರಾತ್ರಿಯೇ ಬಂತು. ಮಾಲು ಇನ್ನೂ ಹರಾಜೇ ಆಗಿಲ್ಲ! ಡ್ರೈವರಣ್ಣ ಟೈರಿನ ಪಕ್ಕ ಚಾಪೆ ಹಾಸಿ, ಟವೆಲ್ ಮುಖಕ್ಕೆ ಹಾಕಿಕೊಂಡು ಮಲಗಿಬಿಟ್ಟರು. ಬೆಳಿಗ್ಗೆ ಹಾಲ್ಟಿಂಗ್ ದುಡ್ಡು ಕೇಳಿದರು, ನ್ಯಾಯವಾಗೇ ಕೇಳಿದರು. ಸೂನ್ ಲೆಕ್ಕ ಹಾಕುವುದು ಹೇಳಿದ ಗಳಿಗೆಯಿಂದ. ಅರ್ಲಿ ಅಂದರೆ ಗೊತ್ತುಮಾಡಿದ ಹೊತ್ತಿಗಿಂತ ಮೊದಲು, ಇಲ್ಲವೇ ದಿನದ ಶುರುವಿನ ಹೊತ್ತಿನಲ್ಲಿ. ನನಗೆ ಬೇಕಿದ್ದದ್ದು 'ಅರ್ಲಿ ಟುಮಾರೊ'. ಮುಂದಿನ ಸಲ ಹಾಗೇ ಬರೆದೆ, ಆರು ಗಂಟೆ ಅಂತಲೂ ಸೇರಿಸಿದೆ. ಲಾರಿ ಸರಿಯಾದ ಹೊತ್ತಿಗೆ ಬಂತು.

ಸೂನ್ ಅನ್ನು ಕೆಟ್ಟ ಮಾತು ಅನ್ನುತ್ತಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು 'ಸೋನಾ', ಅಂದರೆ ತಕ್ಷಣ. ಜನ ಹೇಳಿ ಹೇಳಿ ಸಡಿಲವಾಯಿತು. ಮನೆಯಲ್ಲೇ ಕೂತು 'ಇಗೋ ಬಂದೆ' ಅನ್ನುತ್ತೇವಲ್ಲ, ಅದೇ ದಾರಿ. ಸೂನ್ ಜಾಗಕ್ಕೆ ಕೆಲವರು ಬಳಸುವ ಪ್ರೆಸೆಂಟ್ಲಿ ಇನ್ನೂ ಅಪಾಯ: ಕೆಲವರಿಗೆ 'ಇನ್ನೇನು ಸ್ವಲ್ಪ ಹೊತ್ತಿಗೆ', ಇನ್ನು ಕೆಲವರಿಗೆ 'ಈಗ'. ವ್ಯಾಪಾರದ ಮೆಸೇಜಿಗೆ ಅದನ್ನು ತರಲೇಬಾರದು. 'ದುಡ್ಡು ಸದ್ಯದಲ್ಲೇ ಹಾಕುತ್ತೇವೆ' ಅನ್ನುವುದಕ್ಕೆ ಮಾತ್ರ ನಾನು ಸೂನ್ ಉಳಿಸಿಕೊಂಡಿದ್ದೇನೆ, ಅದೂ ತಾರೀಖು ಜೊತೆಗಿಟ್ಟು.

ಕ್ವಿಕ್ಲಿ, ಫಾಸ್ಟ್ ನಡುವಿನ ಗೆರೆ ಸಣ್ಣದು, ಎಷ್ಟೋ ಕಡೆ ಎರಡೂ ನಡೆಯುತ್ತವೆ. ಫಾಸ್ಟ್ ಕಿವಿಗೆ ತಟ್ಟುವುದು ಓಟದ ವೇಗವಾಗಿ, ಕ್ವಿಕ್ಲಿ ತಟ್ಟುವುದು ಕೆಲಸಕ್ಕೆ ಹಿಡಿದ ಹೊತ್ತು ಕಮ್ಮಿ ಎಂದು. ಹದಿನೈದು ಕೆಜಿಯ ಬಾಕ್ಸ್‌ಗಳನ್ನು ಹಮಾಲರು ಕೈಯಿಂದ ಕೈಗೆ ದಾಟಿಸಿ ಲಾರಿ ತುಂಬಿದ್ದನ್ನು 'ದೇ ಕ್ವಿಕ್ಲಿ ಲೋಡೆಡ್ ಇಟ್' ಅಂತ ಬರೆಯಬಹುದು. ಆ ಜಾಗಕ್ಕೆ ಫಾಸ್ಟ್ ಬಾರದು, ಅದು ಕ್ರಿಯಾಪದ ಆದಮೇಲೆಯೇ ನಿಲ್ಲಬೇಕು. 'ಫಾಸ್ಟ್ಲಿ' ಅಂತೂ ಇಲ್ಲವೇ ಇಲ್ಲ, ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಬೇಕು. ಫಾಸ್ಟ್‌ನ ಹಳೆಯ ಅರ್ಥ 'ಗಟ್ಟಿಯಾಗಿ'. ಅದಕ್ಕೇ ಡ್ರೈವರಣ್ಣನ ಆ ಗಾಢನಿದ್ರೆಗೆ 'ಫಾಸ್ಟ್ ಅಸ್ಲೀಪ್' ಅನ್ನುವುದು.

ಲಾರಿಗೆ ಅರ್ಲಿ, ಲೋಡಿಂಗಿಗೆ ಕ್ವಿಕ್ಲಿ. ಡ್ರೈವರಿಗೆ ಫಾಸ್ಟ್ ಅಂತ ನಾನು ಬರೆಯುವುದೇ ಇಲ್ಲ, ಹೈವೇ ಮೇಲೆ ಅದನ್ನು ಹಾಗೇ ತಗೊಂಡರೆ ಕಷ್ಟ. ಹಮಾಲರಿಗೆ 'ಬಿರ್ನೆ ಆಗ್ಲಿ ಕಣ್ರಣ್ಣ' ಸಾಕು.